ಗ್ಯಾರಂಟಿ ಓಣಿ, ತೂಗಾಡುವ ಪ್ಲಾಟು

ಈ ಸಲದ ಪುರಸಭೆ ಚುನಾವಣೆಗೆ ಮೊದಲು ನಾನು ನಮ್ಮ ವಾರ್ಡನ್ನು ಪೂರ್ತಿ ಶಂಕ್ರಣ್ಣನಿಗೆ ಬರೆದುಕೊಟ್ಟೆ. ಸ್ಟಾಂಪ್ ಪೇಪರ್ ಇಲ್ಲ, ಸಾಕ್ಷಿದಾರರಿಲ್ಲ. ಮಗಳ ಡ್ರಾಯಿಂಗ್ ಬುಕ್ಕಿನ ನಡುವಿನ ಹಾಳೆ ಹರಿದುಕೊಂಡೆ. ಸ್ಕೇಲು ಇಟ್ಟು ಗೆರೆ ಎಳೆದೆ. ಎಡಕ್ಕೆ ಓಣಿಯ ಹೆಸರು, ಬಲಕ್ಕೆ ಆ ಓಣಿ ಯಾರ ಕಡೆ ಎಂಬ ಷರಾ. ಒಂದು ತಾಸಿನ ಕೆಲಸ.

ವಕೀಲನಾದವನು ಇಂಥ ಕೆಲಸ ಮಾಡಬಹುದೇ ಎನ್ನಬೇಡಿ. ಚುನಾವಣೆ ಬಂತೆಂದರೆ ಹುನಗುಂದದ ಕೋರ್ಟಿನ ಎದುರು ಚಹಾದಂಗಡಿಯಲ್ಲಿ ನಾವು ದಿನಾ ಮಾಡುವುದು ಇದನ್ನೇ. ಚಹಾ ಬರುವಷ್ಟರಲ್ಲಿ ಬಾದಾಮಿ ತಾಲೂಕಿನ ಲೆಕ್ಕ ಮುಗಿದಿರುತ್ತದೆ. ಕಪ್ಪು ಕೆಳಗಿಡುವಷ್ಟರಲ್ಲಿ ಬಾಗಲಕೋಟೆಯ ಪೇಟೆ ಇತ್ಯರ್ಥವಾಗಿರುತ್ತದೆ. ಆ ಓಣಿಗಳೊಳಗೆ ಕಾಲಿಟ್ಟವರು ನಮ್ಮಲ್ಲಿ ಯಾರೂ ಇಲ್ಲ. ಕಾಲಿಡುವುದೇಕೆ? ಮತದಾರರ ಪಟ್ಟಿ ಇದೆಯಲ್ಲ! ನಮ್ಮ ಕಡೆ ಅಡ್ಡಹೆಸರು ಓದಿದರೆ ಸಾಕು, ಮನುಷ್ಯನ ಜಾತಿ, ಅವನ ಅಜ್ಜನ ಕಸುಬು, ಅವನು ನಡೆದುಕೊಳ್ಳುವ ಮಠ, ಎಲ್ಲ ತಿಳಿಯುತ್ತದೆ. ಇಷ್ಟು ತಿಳಿದವರಿಗೆ ಅವನ ವೋಟು ತಿಳಿಯುವುದು ಯಾವ ದೊಡ್ಡ ಮಾತು? (ಅವನಿಗೇ ಇನ್ನೂ ತಿಳಿದಿರುವುದಿಲ್ಲ, ಅದು ಬೇರೆ.)

ಎಪ್ಪತ್ತರ ದಶಕದಲ್ಲಿ, ನಾನು ವಕೀಲಿ ಸನದು ಪಡೆದ ಹೊಸತರಲ್ಲಿ, ನಮ್ಮ ಹಿರಿಯ ವಕೀಲರೊಬ್ಬರು ಇದೇ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ಹಳ್ಳಿಯನ್ನು ಬರೀ ಅಡ್ಡಹೆಸರುಗಳ ಮೇಲೆ ಒಬ್ಬ ಅಭ್ಯರ್ಥಿಗೆ ದಾನ ಮಾಡಿದ್ದರು. ಪೆಟ್ಟಿಗೆ ಒಡೆದಾಗ ಹಳ್ಳಿ ಇನ್ನೊಬ್ಬನಿಗೆ ಹೋಗಿತ್ತು. "ಜನಾ ಕೆಟ್ಟಾರೋ ತಮ್ಮಾ" ಎಂದು ನನ್ನ ಮುಂದೆ ಮರುಗಿದರು. ಕೆಟ್ಟಿದ್ದು ತಮ್ಮ ಲೆಕ್ಕ ಎಂದು ಅವರಿಗೆ ಹೊಳೆಯಲೇ ಇಲ್ಲ. ನಾನು ಅವರ ಶಿಷ್ಯ. ನನಗಾದರೂ ಯಾಕೆ ಹೊಳೆಯಬೇಕು?

ಶಂಕ್ರಣ್ಣನ ಪರಿಚಯ ಹೇಳಿಬಿಡುತ್ತೇನೆ. ನಮ್ಮೂರು ಇಳಕಲ್ಲಿನಲ್ಲಿ ನೂಲಿನ ಅಂಗಡಿ ಇಟ್ಟಿದ್ದಾನೆ. ನನ್ನ ಜೊತೆ ಕನ್ನಡ ಸಾಲೆ ಕಲಿತವನು. ಹೋದ ಸಲ ಗೆದ್ದು ನಮ್ಮ ವಾರ್ಡಿನ ಮೆಂಬರ್ ಆಗಿದ್ದ, ಈಗ ಮತ್ತೆ ನಿಂತಿದ್ದ. ವಾರ್ಡಿನಲ್ಲಿ ಎರಡು ಭಾಗ. ಒಂದು ಮಗ್ಗದ ಓಣಿ. ಮನೆಗೊಂದು ತೆಗ್ಗಿನ ಮಗ್ಗ, ಕೆಲವು ಮನೆಗೆ ಎರಡು. ಅಲ್ಲಿ ಬಸವಣ್ಣನ ಫೋಟೋ ಇರುವ ಮನೆಯೂ ಉಂಟು, ದರ್ಗಾದ ಫೋಟೋ ಇರುವ ಮನೆಯೂ ಉಂಟು. ಮಗ್ಗದ ಸಪ್ಪಳ ಮಾತ್ರ ಎಲ್ಲ ಕಡೆ ಒಂದೇ. ಇನ್ನೊಂದು ಭಾಗ ನಾವಿರುವ ಹೊಸ ಪ್ಲಾಟು. ಪ್ರೊಫೆಸರು, ಬ್ಯಾಂಕ್ ಮ್ಯಾನೇಜರು, ಇಂಜಿನಿಯರು, ರಿಟೈರ್ಡ್ ಹೆಡ್ ಮಾಸ್ತರು. ಎಲ್ಲರ ಮನೆಗೂ ಕಂಪೌಂಡು, ಎಲ್ಲರ ಕಂಪೌಂಡಿನಲ್ಲೂ ಒಂದು ಬೋರು ಇಲ್ಲವೇ ಸ್ವಂತ ನಳ. ನಡುವೆ ಗಂಡುಮಕ್ಕಳ ಸಾಲೆ, ಅದೇ ನಮ್ಮ ಬೂತು.

ಚುನಾವಣೆಗೆ ಎರಡು ತಿಂಗಳ ಮುಂಚೆ ವಾರ್ಡಿಗೆ ಒಂದು ಸಾರ್ವಜನಿಕ ನಳ ಮಂಜೂರಾಯಿತು. ಒಂದೇ ಒಂದು. ಅದು ಎಲ್ಲಿ ಬರಬೇಕೆಂಬುದು ಶಂಕ್ರಣ್ಣನ ಕೈಯಲ್ಲಿತ್ತು.

ಸುದ್ದಿ ತಿಳಿದ ಮರುದಿನವೇ ಗಂಗವ್ವ ನಮ್ಮ ಮನೆಗೆ ಬಂದಳು. ಗಂಗವ್ವ ಮಗ್ಗದ ಓಣಿಯವಳು, ವಯಸ್ಸು ಐವತ್ತರ ಮೇಲೆ, ಗಂಡ ಇಲ್ಲ. ಅವಳ ಕೈಯ ಕೆಲಸ ಕೊಂಡಿ ಕಟ್ಟುವುದು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದಾಗುವವರೆಗೆ ಮಗ್ಗದ ಮುಂದೆ ಕುಳಿತವನು ಕೈಕಟ್ಟಿ ಕೂರಬೇಕು. ಓಣಿಯ ಅರ್ಧ ಮಗ್ಗಗಳು ಗಂಗವ್ವನ ಬೆರಳಿಗಾಗಿ ಕಾಯುತ್ತವೆ. ಗಂಗವ್ವ ಮಾತ್ರ ದಿನಾ ಎರಡು ಹೊತ್ತು ನೀರಿಗಾಗಿ ಹಳ್ಳದ ಆಚೆಯ ಬಾವಿಗೆ ಹೋಗುತ್ತಾಳೆ. ಓಣಿಯ ಬಾವಿಯದು ಸವಳು ನೀರು.

"ಮೊಣಕಾಲು ಮಡಚಾಕ ಬರವಲ್ವು ವಕೀಲ್ರ" ಅಂದಳು. "ಸೊಸಿಗಿ ಏಳು ತುಂಬ್ಯಾವ, ಆಕೀನ್ನ ಕಳಸಾಕ ಬರೂದಿಲ್ಲ. ಹಳ್ಳ ಏರೂದ್ರಾಗ ನನ್ನ ಜೀಂವಾ ಹೋಗ್ತೈತಿ. ನೀವು ಒಂದು ಮಾತು ಶಂಕ್ರಣ್ಣಗ ಹೇಳಿದ್ರ ನಳಾ ನಮ್ಮ ಓಣಿ ಬಾಯಾಗ ಬರ್ತೈತಿ."

"ಬರ್ತೈತಿ ಗಂಗವ್ವ. ನಿಮ್ಮ ಓಣಿಗಲ್ಲದ ಮತ್ತ ಯಾರಿಗಿ ಬರ್ತೈತಿ?" ಅಂದೆ ನಾನು. ಹಾಗೆ ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಖರೇನೇ ಹಾಗೆಂದು ತಿಳಿದಿದ್ದೆ.

ಅದೇ ವಾರ ಶಂಕ್ರಣ್ಣ ಬಂದು, ಯಾವ ಓಣಿ ಯಾರ ಕಡೆ ಎಂದು ಒಂದು ಚಾರ್ಟ್ ಮಾಡಿಕೊಡು ಅಂದ. ನನಗೆ ಉಬ್ಬು ಬಂತು. ಇಷ್ಟು ವರ್ಷ ಬೆಂಚಿನ ಮೇಲೆ ಕಲಿತ ವಿದ್ಯೆಗೆ ಕೊನೆಗೂ ಒಬ್ಬ ಗಿರಾಕಿ! ಮತದಾರರ ಪಟ್ಟಿ ಹರಡಿಕೊಂಡು ಅಡ್ಡಹೆಸರುಗಳನ್ನು ಸೋಸಿದೆ. ಮಗ್ಗದ ಓಣಿಯ ಮುಂದೆ "ನಮ್ಮದು, ಗ್ಯಾರಂಟಿ" ಎಂದು ಬರೆದೆ. ಅವರ ಹಿರಿಯರು ಶಂಕ್ರಣ್ಣನಿಗೆ ಆಗಲೇ ಮಾತು ಕೊಟ್ಟಿದ್ದರು, ಆ ಓಣಿ ಮಾತು ತಪ್ಪುವ ಪೈಕಿ ಅಲ್ಲ. ಪ್ಲಾಟಿನ ಮುಂದೆ "ತೂಗಾಡುತ್ತಿದೆ" ಎಂದು ಬರೆದೆ. ಪ್ಲಾಟಿನಲ್ಲಿ ನಾಲ್ಕು ಜಾತಿ, ಹತ್ತು ಊರಿನವರು, ಅಡ್ಡಹೆಸರು ನನ್ನ ಕೈಗೆ ಸಿಗಲಿಲ್ಲ. ಕೆಂಪು ಮಸಿಯಲ್ಲಿ ಅಡಿಗೆರೆಯನ್ನೂ ಎಳೆದುಕೊಟ್ಟೆ.

ಶಂಕ್ರಣ್ಣ ಚಾರ್ಟನ್ನು ಸ್ವಲ್ಪ ಹೊತ್ತು ನೋಡಿದ. "ಲೇ ವಕೀಲ, ಭಾಳ ಚಲೋ ಕೆಲಸಾ ಮಾಡಿದಿ. ನಳಾ ಪ್ಲಾಟಿಗಿ ಹಾಕಸ್ತೇನಿ."

ನಾನು ತಬ್ಬಿಬ್ಬಾದೆ. ಅಲ್ಲಿ ನಳ ಇಲ್ಲದ ಮನೆಯೇ ಇಲ್ಲವಲ್ಲೋ ಅಂದೆ. ಗಂಗವ್ವನ ಮೊಣಕಾಲಿನ ಮಾತೂ ಹೇಳಿದೆ.

"ನೀನ ಬರದೀಯಲ್ಲೋ, ಮಗ್ಗದ ಓಣಿ ಗ್ಯಾರಂಟಿ ಅಂತ. ಗ್ಯಾರಂಟಿ ಇದ್ದವರಿಗಿ ಮತ್ಯಾಕ ನಳಾ? ತೂಗ್ಯಾಡೂ ಮಂದೀನ ಹಿಡಕೋಬೇಕು. ಓಣಿಯವರಿಗಿ ಮುಂದಿನ ನಳಾ ನಿಮಗ ಅಂತ ಹೇಳತೇನಿ. ತಾಳತಾರ ಅವರು."

ಲೆಕ್ಕ ನನ್ನದೇ, ಷರಾ ನನ್ನದೇ. ಎಂಟು ದಿನದಲ್ಲಿ ಪೈಪಿನ ಅಗೆತ ಮಗ್ಗದ ಓಣಿಯ ಬಾಯಿಯನ್ನು ದಾಟಿ, ಸಾಲೆ ದಾಟಿ, ಪ್ಲಾಟಿಗೆ ಬಂದು, ನಮ್ಮ ಮನೆಯ ಗೇಟಿನ ಎದುರಿಗೇ ನಿಂತಿತು. ಚಾರ್ಟ್ ಮಾಡಿಕೊಟ್ಟದ್ದಕ್ಕೆ ಗೆಳೆಯನ ಉಪಕಾರಸ್ಮರಣೆ! ಪ್ಲಾಟಿನವರು ಆ ನಳಕ್ಕೆ ಪೈಪು ಸಿಗಿಸಿ ಸ್ಕೂಟರ್ ತೊಳೆಯತೊಡಗಿದರು.

ಇನ್ನು ಮತದಾನದ ದಿನದ ಮಾತು. ನಾನು ಶಂಕ್ರಣ್ಣನ ಏಜೆಂಟ್ ಆಗಿ ಬೂತಿನಲ್ಲಿ ಕುಳಿತೆ. ಬಂದವರ ಹೆಸರಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವುದು ನನ್ನ ಕೆಲಸ. ಎಂಟು ಗಂಟೆಗೇ ಮಗ್ಗದ ಓಣಿ ಬಂತು. ಅಂದು ಓಣಿಯಲ್ಲಿ ಲಾಳಿ ಓಡಲಿಲ್ಲ. ಮಗ್ಗಗಳಿಗೆ ಬಟ್ಟೆ ಹೊದಿಸಿ, ಸ್ನಾನ ಮಾಡಿ, ಮಡಿಚಿಟ್ಟ ಸೀರೆ ತೆಗೆದು ಉಟ್ಟುಕೊಂಡು ಸಾಲಾಗಿ ನಿಂತಿದ್ದರು. (ತಾವು ನೇಯ್ದ ಸೀರೆಯನ್ನೇ ಉಟ್ಟವರು ಅದರಲ್ಲಿ ಎಷ್ಟು ಮಂದಿ ಎಂದು ಕೇಳಬೇಡಿ.) ಮುದುಕರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದಿದ್ದರು. ಗಂಗವ್ವನ ಸೊಸೆ ಬಸುರಿ ಹೊಟ್ಟೆ ಹೊತ್ತು ಬಂದಿದ್ದಳು. ಪ್ಲಾಟಿನಿಂದ ಆ ಸಾಲಿನಲ್ಲಿ ನಿಂತಿದ್ದವಳು ಒಬ್ಬಳೇ, ನನ್ನ ಹೆಂಡತಿ. ಅವಳು ಬಾದಾಮಿಯವಳು, ನನ್ನ ಚಾರ್ಟಿನ ಬಗ್ಗೆ ಮೊದಲಿಂದಲೂ ಅವಳಿಗೆ ಗೌರವವಿಲ್ಲ.

ಗಂಗವ್ವ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನನ್ನ ಮುಂದೆ ಹಾಯ್ದಳು. ಕಣ್ಣು ಕೂಡಿತು. ನಳದ ಮಾತೆತ್ತುತ್ತಾಳೆ ಎಂದು ನಾನು ಪಟ್ಟಿಯಲ್ಲಿ ತಲೆ ಹುದುಗಿಸಿದೆ. ಅವಳು ವೋಟು ಹಾಕಿ, ಸೊಸೆಯ ಕೈ ಹಿಡಿದುಕೊಂಡು ಹೊರಗೆ ಹೋದಳು. ಬೈದು ಹೋಗಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಮಗ್ಗದ ಓಣಿಯ ಪುಟಗಳು ಕೆಂಪಾಗಿದ್ದವು. ಪ್ಲಾಟಿನ ಪುಟ, ನಮ್ಮ ಮನೆಯ ಗೆರೆ ಬಿಟ್ಟರೆ, ಅಚ್ಚಿನ ಮನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಮೂರು ಗಂಟೆಗೆ ಇನ್ನೊಬ್ಬನನ್ನು ಕೂರಿಸಿ ನಾನೇ ಕರೆಯಲು ಹೊರಟೆ. ಸಾಲೆಯಿಂದ ಪ್ಲಾಟಿಗೆ ಎಷ್ಟು ದೂರ? ಇನ್ನೂರು ಹೆಜ್ಜೆ.

ಪ್ರೊಫೆಸರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಧಾರವಾಡದವರು, ದಿಲ್ಲಿಯ ಸರಕಾರದ ತಪ್ಪುಗಳನ್ನು ಇದೇ ಕಟ್ಟೆಯಿಂದ ವರ್ಷಗಟ್ಟಲೆ ತಿದ್ದಿದವರು. "ಬರ್ತೀನ್ರೀ, ಬರೂದಿಲ್ಲ ಅಂತ ಅಲ್ಲ. ಆದರ ತತ್ವದ ಮ್ಯಾಲೆ ನೋಡಿದ್ರ ಇಬ್ಬರೂ ಅಷ್ಟ ಅಲ್ಲೇನ್ರಿ?" ಅಂದರು. ತತ್ವದ ಮೇಲೆ ನೋಡುತ್ತಾ ಐದು ಗಂಟೆಯವರೆಗೂ ಅಲ್ಲೇ ಕುಳಿತಿದ್ದರು.

ಮ್ಯಾನೇಜರು ಮಲಗಿದ್ದರು. "ಎಬ್ಬಸಿದ್ರ ಸಿಟ್ಟಿಗೇಳ್ತಾರ್ರಿ" ಅಂದರು ಅವರ ಮನೆಯವರು. ಇಂಜಿನಿಯರ ಮನೆಗೆ ಬೀಗ. ಹೇಗೂ ಸೂಟಿ ಇದೆಯಲ್ಲ ಎಂದು ಬುತ್ತಿ ಕಟ್ಟಿಕೊಂಡು ಬಾದಾಮಿ ಬನಶಂಕರಿಗೆ ಹೋಗಿದ್ದರು. ಹೆಡ್ ಮಾಸ್ತರು ಒಬ್ಬರು ಮಾತ್ರ ಬೂತಿನ ಗೇಟಿನವರೆಗೆ ಹೋಗಿ ಬಂದಿದ್ದರಂತೆ. ಅಲ್ಲಿ ಹಚ್ಚಿದ್ದ ಪಟ್ಟಿಯಲ್ಲಿ ಅವರ ಇನಿಷಿಯಲ್ ತಪ್ಪಾಗಿತ್ತು. ಅದನ್ನು ಖಂಡಿಸಿ ವೋಟು ಹಾಕದೆ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು. ಇನ್ನೊಬ್ಬರು ಗೇಟಿನ ಒಳಗಿನಿಂದಲೇ ಕೇಳಿದರು, "ಗದ್ದಲ ಐತೇನ್ರಿ? ಆ ಮಗ್ಗದ ಮಂದಿ ಎಲ್ಲಾ ಹೋದ ಮ್ಯಾಲ ಹೇಳಿ ಕಳಸ್ರಿ."

ಮಗ್ಗದ ಮಂದಿ ಹೋಗಿ ನಾಲ್ಕು ತಾಸಾಗಿತ್ತು. ಬೂತಿನಲ್ಲಿ ನೊಣ ಹಾರುತ್ತಿದ್ದವು. ಹೇಳಿದರೂ ಅವರು ಬರಲಿಲ್ಲ.

ಶಂಕ್ರಣ್ಣ ಗೆದ್ದ. ಯಾರ ವೋಟಿನಿಂದ ಎಂದು ಬೇರೆ ಹೇಳಬೇಕೇ? ನಮ್ಮ ಪ್ಲಾಟಿನಲ್ಲಿ ಎಣಿಕೆಯ ದಿನ ಸಂಜೆ ಫಲಿತಾಂಶದ ವಿಮರ್ಶೆ ನಡೆಯಿತು. "ಓದು ಬರಹ ಇಲ್ಲದ ಮಂದಿ ಕುರಿಯಂಗ ಹೋಗಿ ಒತ್ತಿ ಬರ್ತಾರ, ದೇಶ ಹೆಂಗ ಸುಧಾರಿಸಬೇಕು?" ಎಂದು ಮ್ಯಾನೇಜರು ವ್ಯಥೆಪಟ್ಟರು. ಮತದಾನದ ದಿನ ಪೂರಾ ನಿದ್ದೆಯಾಗಿದ್ದರಿಂದ ಅವರ ಧ್ವನಿ ಗಟ್ಟಿಯಾಗಿತ್ತು. ಪ್ರೊಫೆಸರು, ಪ್ರಜಾಪ್ರಭುತ್ವಕ್ಕೆ ಈ ದೇಶ ಇನ್ನೂ ತಯಾರಾಗಿಲ್ಲ ಅಂದರು. ಕೇಳುತ್ತಾ ಕೇಳುತ್ತಾ ನನ್ನ ಮೈ ಉರಿಯಿತು. ಯಾವ ದೇಶ ತಯಾರಾಗಿಲ್ಲ ಸ್ವಾಮಿ? ಚಪ್ಪಲಿ ಮೆಟ್ಟಿಕೊಳ್ಳಲು ತಯಾರಿರದ ನಾವೇ?

ಮೆರವಣಿಗೆಯ ಗುಲಾಲು ತೊಳೆದುಕೊಂಡು ಮರುದಿನ ಶಂಕ್ರಣ್ಣ ಬಂದ. ಮಗ್ಗದ ಓಣಿಯ ಉಪಕಾರ ನೆನೆಯುತ್ತಾನೆ ಎಂದುಕೊಂಡೆ. ಅವನಿಗೆ ಬೇರೆಯೇ ಚಿಂತೆ. "ಓಣಿ ಮಂದಿ ಬಂದ್ರು, ಬರ್ತಾರ ಬಿಡು, ಎಲ್ಲಿ ಹೋಗ್ತಾರ? ಪ್ಲಾಟಿನವರು ಯಾಕ ಬರಲಿಲ್ಲೋ? ಏನರ ಮನಸಿಗಿ ಹಚ್ಚಿಕೊಂಡಾರೇನು? ರಸ್ತೆಕ್ಕ ಡಾಂಬರ್ ಹಾಕಸೂಣೇನು?"

ನೋಡಿ, ಇಲ್ಲಿಗೆ ಬಂದು ನಿಂತಿತು ನಮ್ಮ ರಾಜಕೀಯಶಾಸ್ತ್ರ. ಬಿಸಿಲಿನಲ್ಲಿ ನಿಂತು ವೋಟು ಹಾಕಿದವರನ್ನು ಯಾರೂ ಕೇಳುವುದಿಲ್ಲ, ಅವರು ನಮ್ಮವರು. ಹಾಕದವನ ಮನಸ್ಸಿಗೆ ಏನಾಗಿದೆಯೋ ಎಂದು ಮೆಂಬರು ಮನೆಗೆ ಬಂದು ವಿಚಾರಿಸುತ್ತಾನೆ. ಯಾವ ಓಣಿಯಲ್ಲಿ ಯಾವ ಜಾತಿ, ಎಷ್ಟು ಓದಿದವರು, ಏನು ಕಸುಬು ಎಂದು ನಾವು ಇಷ್ಟೆಲ್ಲ ಎಣಿಸುವುದು ಜನರನ್ನು ತಿಳಿಯಲಿಕ್ಕಲ್ಲ. ಯಾರನ್ನು ಮರೆತರೆ ನಡೆಯುತ್ತದೆ ಎಂದು ತಿಳಿಯಲಿಕ್ಕೆ. ಈ ಕೆಲಸವನ್ನು ನಾನು ಪುಕ್ಕಟೆಯಾಗಿ ಮಾಡಿಕೊಟ್ಟೆ ಎಂಬುದು ನನಗೆ ಬಹಳ ನಾಚಿಕೆಯ ಸಂಗತಿ.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಾಚಿಕೆ ನಾಲ್ಕು ದಿನದಲ್ಲಿ ಇಳಿಯುತ್ತದೆ.

ಚುನಾವಣೆ ಮುಗಿದ ಎರಡನೇ ವಾರ ಗಂಗವ್ವನ ಸೊಸೆ ಹೆತ್ತಳು. ಬಾಣಂತಿಯ ಮನೆಗೆ ನೀರು ಎಷ್ಟು ಬೇಕು ಎಂಬುದು ನಿಮಗೆ ಗೊತ್ತು. ಗಂಗವ್ವ ಹಳ್ಳದ ಕಡೆ ಹೋಗುವುದನ್ನು ಬಿಟ್ಟು ಬೆಳಿಗ್ಗೆ ಕೊಡ ಹಿಡಿದು ನಮ್ಮ ಗೇಟಿನ ಎದುರಿನ ನಳಕ್ಕೆ ಬಂದಳು. ಸಾರ್ವಜನಿಕ ನಳ ತಾನೇ? ಮರುದಿನ ಅವಳ ಹಿಂದೆ ಇನ್ನು ನಾಲ್ವರು. ವಾರದೊಳಗೆ ಇಪ್ಪತ್ತು ಕೊಡದ ಸಾಲು. ಮಾತು, ನಗೆ, ಒಂದಿಷ್ಟು ಜಗಳ. ನೀರಿದ್ದಲ್ಲಿ ಇರುವುದೆಲ್ಲ ಇತ್ತು.

ಪ್ಲಾಟು ಎಚ್ಚರವಾಯಿತು.

ರವಿವಾರ ಪ್ರೊಫೆಸರ ಮನೆಯಲ್ಲಿ ಸಭೆ. ಮಕ್ಕಳ ಓದಿಗೆ ತೊಂದರೆಯಾಗುತ್ತಿದೆ, ರಸ್ತೆ ರಾಡಿಯಾಗುತ್ತಿದೆ, ಹೊರಗಿನವರ ಓಡಾಟ ಹೆಚ್ಚಾಗಿದೆ. ನಳಕ್ಕೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಬೇಕು ಎಂದು ಶಂಕ್ರಣ್ಣನಿಗೆ ಮನವಿ. ಬರೆಯಲು ನನಗೆ ಹೇಳಿದರು. ನನಗೆ ಹುನಗುಂದದಲ್ಲಿ ಕೇಸಿದೆ, ಪುರಸೊತ್ತಿಲ್ಲ ಎಂದೆ. (ಆಗುವುದಿಲ್ಲ ಎನ್ನುವ ಧೈರ್ಯ ಬರಲಿಲ್ಲ. ಗಮನಿಸಿ, ಅಂದು ರವಿವಾರ.) ಮ್ಯಾನೇಜರು ಚಂದದ ಇಂಗ್ಲಿಷಿನಲ್ಲಿ ತಾವೇ ಬರೆದರು.

ಸಹಿ ಹಾಕಲು ಬಂದವರನ್ನು ನೀವು ನೋಡಬೇಕಿತ್ತು. ಎಬ್ಬಿಸಿದರೆ ಸಿಟ್ಟಿಗೇಳುವವರು ತಾವಾಗಿಯೇ ಎದ್ದು ಬಂದರು. ಇನಿಷಿಯಲ್ ತಪ್ಪಾಗಿದ್ದ ಹೆಡ್ ಮಾಸ್ತರು ಪೂರ್ತಿ ಹೆಸರು ಬರೆದರು. ಇಂಜಿನಿಯರು ಹೆಂಡತಿಯ ಸಹಿಯನ್ನೂ ಹಾಕಿಸಿದರು. ಗದ್ದಲಕ್ಕೆ ಅಂಜುವವರು ಗದ್ದಲದಲ್ಲಿ ನುಗ್ಗಿ ಪೆನ್ನು ಕಸಿದುಕೊಂಡರು. ನಮ್ಮದೊಂದು ಬಿಟ್ಟು ಎಲ್ಲ ಮನೆಯ ಸಹಿಯೂ ಒಂದೇ ಸಂಜೆಗೆ ಬಿತ್ತು. ಯಾರಾದರೂ ಇವರನ್ನು ರಾಜಕೀಯದಲ್ಲಿ ಆಸಕ್ತಿ ಇಲ್ಲದವರು ಎಂದರೆ ನಂಬಬೇಡಿ.

ತೂಗಾಡುವ ಮಂದಿ ಕೇಳಿದ್ದಕ್ಕೆ ಶಂಕ್ರಣ್ಣ ಇಲ್ಲ ಎನ್ನುತ್ತಾನೆಯೇ? "ನೀವ ಹಾಕ್ಕೋರಿ, ನಾ ಬ್ಯಾಡ ಅನ್ನೂದಿಲ್ಲ" ಅಂದ. ಮೂರು ದಿನದಲ್ಲಿ ಪೆಟ್ಟಿಗೆ ಬಂತು, ಬೀಗ ಬಂತು. ನಳ ನಮ್ಮ ಮನೆಯ ಎದುರಿಗಿದೆ, ಹೇಗೂ ವಕೀಲರು ಜವಾಬ್ದಾರಿ ಮನುಷ್ಯರು ಎಂದು ಕೀಲಿಯನ್ನು ನನ್ನ ಕೈಗೇ ಕೊಟ್ಟರು. ನಾನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡಿರಿ ಎಂದು ಹೆಂಡತಿ ಕೇಳಿದಳು. ಬೇರೆಯವರ ಹತ್ತಿರ ಇರುವುದಕ್ಕಿಂತ ನಮ್ಮ ಹತ್ತಿರ ಇದ್ದರೆ ಮುಂದೆ ಏನಾದರೂ ಮಾಡಬಹುದು ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗಂಗವ್ವ ಬಂದಳು. ಅವಳ ಹಿಂದೆ ಕೊಡಗಳ ಸಾಲು. ಪೆಟ್ಟಿಗೆ ನೋಡಿದಳು, ಬೀಗ ಮುಟ್ಟಿ ನೋಡಿದಳು. ನಾನು ಕೋರ್ಟಿಗೆ ಹೊರಟು ಗೇಟಿನಲ್ಲಿ ನಿಂತಿದ್ದೆ. ಕೀಲಿ ನನ್ನ ಕೈಯಲ್ಲಿತ್ತು. ಪ್ಲಾಟಿನ ಎಲ್ಲ ಕಟ್ಟೆಗಳ ಮೇಲೂ ಪೇಪರುಗಳು ಸ್ವಲ್ಪ ಕೆಳಗಿಳಿದವು.

"ಸೊಸಿಗಿ ನೀರು ಎರೀಬೇಕ್ರಿ" ಅಂದಳು ಗಂಗವ್ವ. "ಕೂಸಿಗೂ ಎರೀಬೇಕು."

"ಗಂಗವ್ವ, ಇದು ನನ್ನೊಬ್ಬನ ಕೈಯಾಗ ಇಲ್ಲ. ಎಲ್ಲಾರೂ ಕೂಡಿ ಹಾಕ್ಯಾರ" ಅಂದೆ.

ಅವಳು ನನ್ನ ಕೈಯನ್ನೇ ನೋಡಿದಳು. "ಯಾವ ಓಣಿ ಯಾರ ಕಡೆ ಅಂತ ನೀವು ಪೂರಾ ಬರದು ಕೊಟ್ಟೀರಂತ. ಶಂಕ್ರಣ್ಣನ ಅಂಗಡ್ಯಾಗ ಹೇಳಿದ್ರು" ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಕೇಳುವವರ ಹಾಗೆ ಕೇಳಿದಳು. "ನಿಮ್ಮ ಮನಿ ಯಾರ ಕಡೆ ಐತ್ರಿ ವಕೀಲ್ರ?"

ಹುನಗುಂದದ ಬಸ್ಸಿಗೆ ಹೊತ್ತಾಗಿತ್ತು. ಅದನ್ನು ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹಿಂದಿನಿಂದ ಬಂದಳು. ಹಿಟ್ಟಿನ ಕೈಯಲ್ಲೇ ನನ್ನ ಬೆರಳು ಬಿಡಿಸಿ ಕೀಲಿ ತೆಗೆದುಕೊಂಡು ಹೋಗಿ, ಬೀಗ ತೆಗೆದು, "ಹಿಡಕೋರಿ ಗಂಗವ್ವ" ಅಂದಳು. ಎಲ್ಲ ಕಟ್ಟೆಗಳೂ ನೋಡುತ್ತಿದ್ದವು.

ನಮ್ಮ ಮನೆಯಲ್ಲಿ ಎರಡು ವೋಟಿವೆ. ಅದರಲ್ಲಿ ಒಂದು ಯಾರ ಕಡೆ ಎಂದು ಈಗ ಇಡೀ ಪ್ಲಾಟಿಗೆ ಗೊತ್ತು.